ಗಂಗಾಳ ಗಂಟಲು

ಅವಳಿ ಮಕ್ಕಳಲ್ಲಿ ಒಂದಕ್ಕೆ ನೋವಾದರೆ ಇನ್ನೊಂದು ಅಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ. ನೀವೂ ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ, ಯಲಬುರ್ಗಾದಲ್ಲಿ ತಂಗಿ ಶಾರದಾಳ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಅವಳಿ ಹೆಣ್ಣುಮಕ್ಕಳು ಗೌರಿ, ಗಂಗಾ ಪಡಸಾಲೆಯಲ್ಲಿ ಆಡುತ್ತಿದ್ದರು. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸು. ಇದ್ದಕ್ಕಿದ್ದಂತೆ ಗಂಗಾ ಗಂಟಲು ಹಿಡಿದುಕೊಂಡು ಅಳತೊಡಗಿದಳು. ಜೊಲ್ಲು ಸುರಿಯುತ್ತಿತ್ತು, ನೀರು ಕೊಟ್ಟರೆ ತಳ್ಳಿದಳು. ಗೌರಿ ಮಾತ್ರ ಆಡಿಕೊಂಡೇ ಇದ್ದಳು.

"ಏನೋ ನುಂಗ್ಯಾಳ. ಬಾಳಿಹಣ್ಣು ತಿನಸ್ರಿ, ಕೆಳಗ ಇಳೀತೈತಿ" ಎಂದು ಶಾರದಾಳ ಅತ್ತೆ ಹಣ್ಣು ಸುಲಿದರು.

"ಬ್ಯಾಡ್ರಿ ಅತ್ತಿ, ಬಾಯಿಗೆ ಏನೂ ಹಾಕಬ್ಯಾಡ್ರಿ" ಎಂದ ಶಾರದಾ ಎರಡೂ ಕೂಸುಗಳನ್ನು ಎತ್ತಿಕೊಂಡು ನನ್ನ ಕಾರು ಹತ್ತಿದಳು.

ಕೊಪ್ಪಳದ ಆಸ್ಪತ್ರೆಯಲ್ಲಿ ಗಂಗಾಳ ಎಕ್ಸ್‌ರೇ ತೆಗೆದರು. ಏನೂ ಇರಲಿಲ್ಲ. ನಾನು ಎದ್ದೆ, ಶಾರದಾ ಏಳಲಿಲ್ಲ.

"ಮೇಡಂರಿ, ಗೌರೀದೂ ಒಂದು ತಗೀರಿ" ಎಂದಳು.

ನನಗೆ ನಾಚಿಕೆಯಾಯಿತು. "ಆಕಿ ಛಲೋ ಅದಾಳಲ್ಲವಾ" ಎಂದೆ. ಡಾಕ್ಟರಮ್ಮ ನಗಲಿಲ್ಲ. ತಂಗಿಯ ಮುಖವನ್ನೊಮ್ಮೆ ನೋಡಿ, "ತಾಯಿ ಹೇಳಾಕತ್ಯಾರಂದ್ರ ನೋಡೇಬಿಡೋಣ" ಎಂದರು. ಆ ಒಂದು ಮಾತಿಗೆ ಅವರಿಗೆ ಕೈ ಮುಗಿಯಬೇಕು.

ಗೌರಿಯ ಅನ್ನನಾಳದಲ್ಲಿ, ಆಟಿಕೆಯೊಳಗೆ ಹಾಕುವಂಥ ಗುಂಡನೆಯ ಬಟನ್ ಸೆಲ್ಲು ಸಿಕ್ಕಿಕೊಂಡಿತ್ತು! ಕೂಸಿಗೆ ಕೆಮ್ಮೂ ಇರಲಿಲ್ಲ, ಅಳುವೂ ಇರಲಿಲ್ಲ. "ಹಂಗ ಮನಿಗೆ ಹೋಗಿದ್ರ ಒಳಗ ಸುಟ್ಟು ತೂತು ಬೀಳ್ತಿತ್ರಿ" ಎಂದು ಡಾಕ್ಟರಮ್ಮ ಅವಳನ್ನು ತಕ್ಷಣ ಒಳಗೆ ಕರೆದೊಯ್ದರು.

ಬಾಗಿಲು ಮುಚ್ಚಿತು. ಗಂಗಾ ನನ್ನ ತೊಡೆಯ ಮೇಲೆ ಜೊಲ್ಲು ಸುರಿಸುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಒಮ್ಮೆಲೇ ಅಳು ನಿಲ್ಲಿಸಿ, ಉಗುಳು ನುಂಗಿ, "ನೀಯು" ಎಂದಳು. ನೀರಿನ ಬಾಟಲಿ ಹಿಡಿದರೆ ಗಟಗಟ ಕುಡಿದಳು. ಅವಳು ಬಾಟಲಿ ಬಿಡುವುದರೊಳಗೆ ನರ್ಸು ಹೊರಬಂದು, "ಈಗ ಬಂತ್ರಿ, ಕೂಸು ಆರಾಮ ಐತಿ" ಎಂದರು. ಅವರ ಕೈಯ ಬಟ್ಟಲಲ್ಲಿ ಕಪ್ಪಾದ ಸೆಲ್ಲು ಇತ್ತು.

ನಿನಗೆ ಹೇಗೆ ತಿಳಿಯಿತು ಎಂದು ಶಾರದಾಳನ್ನು ಕೇಳಿದೆ.

"ದಾರಿತುಂಬ ಗಂಗಾ ಗೌರಿ ಕುತ್ತಿಗಿಗೇ ಕೈ ಹಚ್ಚಾಕತ್ತಿದ್ಲಣ್ಣ. ನೀ ನೋಡಲಿಲ್ಲ."

ಹೌದು, ಗಮನವಿಟ್ಟು ನೋಡಿ ಎಂದು ದಿನವೂ ಪಾಠ ಹೇಳುವ ನಾನು ನೋಡಿರಲಿಲ್ಲ. ತಂಗಿ ನನಗಿಂತ ದೊಡ್ಡವಳೆಂದು ಅವತ್ತು ಅನಿಸಿತು.

ಗೌರಿ ನುಂಗಿದ್ದನ್ನು ಗಂಗಾ ಕಂಡಿರಬಹುದು, ಕಂಡು ಹೆದರಿರಬಹುದು. ಅಲ್ಲಿಯವರೆಗೆ ನನ್ನ ವಿಜ್ಞಾನ ಜೊತೆಗೆ ಬರುತ್ತದೆ. ಮುಚ್ಚಿದ ಬಾಗಿಲಿನಾಚೆ ಸೆಲ್ಲು ಹೊರಬಂದದ್ದು ಅವಳಿಗೆ ಹೇಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ಒಬ್ಬಳು ಅತ್ತರೆ, ನಾನು ಮೊದಲು ಇನ್ನೊಬ್ಬಳನ್ನು ನೋಡುತ್ತೇನೆ.