ಟೇಪಿನ ಜೊತೆ ಆಕ್ಸಿಜನ್ ಪೈಪು

ನನ್ನ ಗೆಳೆಯ ದರ್ಜಿ. ಶ್ವಾಸಕೋಶದ ಕಾಯಿಲೆಯಿಂದ ಎದ್ದ ಮೇಲೆ ಅವನ ತಲೆಗೆ ಮಂಜು ಕವಿದಂತಾಗಿತ್ತು. ಅಳತೆ ತೆಗೆದು ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಳತೆ ಮರೆತುಹೋಗುತ್ತಿತ್ತು. ನನ್ನ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟ. ಹೀಗೇ ಆದರೆ ಕತ್ತರಿ ಕೆಳಗಿಡಬೇಕಾಗುತ್ತದೆಂದು ಒಳಗೊಳಗೇ ಹೆದರಿದ್ದ.

ಮೂಗಿಗೆ ಆಕ್ಸಿಜನ್ ಪೈಪು ಹಾಕಿಕೊಂಡು ದಿನಾ ವ್ಯಾಯಾಮದ ಸೈಕಲ್ ತುಳಿದರೆ ತಲೆ ತಿಳಿಯಾಗುತ್ತದೆಂದು ಆಸ್ಪತ್ರೆಯವರು ಹೇಳಿದರು. ಸೈಕಲ್ಲನ್ನು ಅಂಗಡಿಯಲ್ಲೇ ಇಟ್ಟುಕೊಂಡ. ಆದರೆ ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಈ ಮಹಾರಾಯ ಪೈಪು ಕಿತ್ತು, ಅಳತೆ ಟೇಪಿನ ಜೊತೆ ಕೊರಳಿಗೆ ಇಳಿಬಿಟ್ಟುಕೊಂಡು, ಏದುಸಿರಿನಲ್ಲೇ ನಗುತ್ತಿದ್ದ.

"ಮೂಗಿಗೆ ಹಾಕೋದನ್ನ ಕೊರಳಿಗೆ ಹಾಕ್ಕೊಂಡ್ರೆ ತಲೆ ತಿಳಿಯಾಗುತ್ತೇನ್ರೀ?" ಅನ್ನುತ್ತಿದ್ದಳು ಅವನ ಹೆಂಡತಿ.

"ಉಸಿರಿಲ್ಲದ ದರ್ಜಿಗೆ ಯಾರೇ ಬಟ್ಟೆ ಕೊಡ್ತಾರೆ?"

"ಎರಡೂ ಎಡಗೈ ಇರೋರು ಕೊಡ್ತಾರೆ ಬಿಡೋ," ಅಂದೆ ನಾನು.

ತಿಂಗಳುಗಟ್ಟಲೆ ಹೇಳಿದೆವು, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಕೊನೆಗೆ ಅವಳು ಸೈಕಲ್ಲಿಗೆ ಅಡ್ಡವಾಗಿ ಒಂದು ಪರದೆ ಕಟ್ಟಿದಳು. ಅದರ ಹಿಂದೆ ಪೈಪು ಮೂಗಿನಲ್ಲೇ ಉಳಿಯಿತು. ಕೆಲವು ವಾರಗಳಲ್ಲಿ ಮಂಜು ತೆಳುವಾಗತೊಡಗಿತು. ಒಂದು ಬೆಳಿಗ್ಗೆ ಸೈಕಲ್ಲಿನಿಂದ ಇಳಿದು, ನನ್ನ ಕೈಯಳತೆ ತೆಗೆದು, ಮತ್ತೆ ಟೇಪು ಮುಟ್ಟದೆ ಬಲತೋಳು ಕತ್ತರಿಸಿದ.

"ನೋಡೋ, ಅಳತೆ ತಲೇಲೇ ಇತ್ತು," ಅಂದ.

ಆ ವಾರವೇ ಹೃದಯಾಘಾತವಾಗಿ ತೀರಿಕೊಂಡ. ತೋಳು ಜೋಡಿಸಿ ಕೋಟು ಮುಗಿಸಿದ್ದು ಅವನ ಹೆಂಡತಿ. ಬಲತೋಳು ನನ್ನ ಮಣಿಕಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹಾಕಿಕೊಂಡಾಗಲೆಲ್ಲ ಸಿಟ್ಟು ಬರುತ್ತದೆ. ಒಂದು ಪರದೆಯಿಂದ ಮುಗಿಯುವ ಮಾತಿಗೆ ಅಷ್ಟು ತಿಂಗಳು ಹಾಳುಮಾಡಿದನಲ್ಲ, ಪುಣ್ಯಾತ್ಮ.