ಗ್ಲೈಡರಿನ ಮೂತಿಗೆ ಹಚ್ಚಿಸಿದ ಅರಗು

ರಾಮನಗರ ಇನ್ನೂ ಕ್ಲೋಸ್‌ಪೇಟೆಯಾಗಿದ್ದ ಕಾಲ. ಅಲ್ಲಿನ ಬಂಡೆಯ ಮೇಲಿಂದ ಮಕ್ಕಳು ಮರದ ಪುಟ್ಟ ಗ್ಲೈಡರ್ ಹಾರಿಸುವ ಕಾಂಪಿಟಿಷನ್. ಗಾಳಿಯಲ್ಲಿ ಹೆಚ್ಚು ಲೂಪ್ ಹೊಡೆದದ್ದಕ್ಕೆ ಪ್ರೈಜ್. ನನ್ನ ಮಗಳು ತನ್ನದನ್ನು ತಾನೇ ಕೆತ್ತಿದ್ದಳು. ನಾನು ಚನ್ನಪಟ್ಟಣದವಳು, ಅರಗಿನ ಬಣ್ಣವಿಲ್ಲದ ಮರ ನನ್ನ ಕಣ್ಣಿಗೆ ಬೆತ್ತಲೆ. ಹೆಮ್ಮೆಯಿಂದ, ಅವಳಿಗೆ ಹೇಳದೆ, ಅದರ ಮೂತಿಗೆ ದಪ್ಪಗೆ ಕೆಂಪು ಅರಗು ಹಚ್ಚಿಸಿದೆ. ಮೊದಲ ಸಲ ಎಸೆದಾಗ ಅದು ನೇರ ಹುಲ್ಲಿಗೆ ಮೂತಿ ಕುಟ್ಟಿತು.

“ಚೆಂದ ಕಾಣ್ಲಿ ಅಂತ ಹಚ್ಚಿಸ್ದೆ ಕಣೇ.”

“ಮೂತಿ ಒಸಿ ಭಾರ ಆದ್ರೂ ತಿರುಗಲ್ಲ ಕಣಮ್ಮ.”

ಉಳಿದದ್ದು ಒಂದೇ ಚಾನ್ಸ್. ಕಲ್ಲುಚೂರಿನಿಂದ ಅರಗು ಕೆರೆದಳು, ಬ್ಯಾಲೆನ್ಸ್ ನೋಡಿದಳು, ಎಸೆದಳು. ಎರಡು ಲೂಪ್. ಗೆದ್ದವನದು ಮೂರು.

“ಇನ್ನೊಂಚೂರು ಕೆರೆದಿದ್ರೆ?” ಎಂದೆ, ತಡೆಯಲಾರದೆ.

“ನಂಗೂ ಅದೇ ಯೋಚ್ನೆ. ಬಾ, ನೋಡೇಬುಡಣ,” ಎಂದವಳು, ಎಲ್ಲರೂ ಇಳಿಯುತ್ತಿದ್ದ ಬಂಡೆಯನ್ನು ಮತ್ತೆ ಹತ್ತತೊಡಗಿದಳು. ಸೆರಗು ಸಿಕ್ಕಿಸಿಕೊಂಡು ನಾನೂ ಹತ್ತಿದೆ.