ಸುಮನ್ ಕೂಡಿಸಿದ ಮೂರನೇ ಬಂಧ

ಘೋಡಗೇರಿಯ ಲಗಮಪ್ಪನ ಮಗಳು ಸುಮನ್ ಮೂಡಲಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಧಾರವಾಡದಲ್ಲಿ ಅವಳು ಪಿಎಚ್‌ಡಿ ಮಾಡಿದ್ದು ಕ್ಯಾಸ್ಕೇಡ್ ಕ್ರಿಯೆಗಳ ಮೇಲೆ. ಒಂದೇ ಫ್ಲಾಸ್ಕಿಗೆ ಎಲ್ಲವನ್ನೂ ಹಾಕಿದರೆ ಮೊದಲ ಬಂಧ ಕೂಡಿದ್ದೇ ಎರಡನೆಯದನ್ನು ಕೂಡಿಸುತ್ತದೆ, ಎರಡನೆಯದು ಮೂರನೆಯದನ್ನು. ನಡುವೆ ಏನನ್ನೂ ಹೊರತೆಗೆದು ಶುದ್ಧ ಮಾಡುವ ತಾಪತ್ರಯವಿಲ್ಲ. ಅವಳು ಇದನ್ನು ಹೇಳುವ ಖುಷಿ ನೋಡಿ ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿ ಕೇಳುತ್ತಾರೆ. ಮನೆಯಲ್ಲಿ ತಾಯಿ ಶೆಟ್ಟೆವ್ವ ಮಾತ್ರ ಮದುವೆ ಯಾವಾಗ ಎಂದಷ್ಟೇ ಕೇಳುತ್ತಿದ್ದಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೊಣ್ಣೂರಿನ ಪರಶುರಾಮ ಅವಳನ್ನು ನೋಡಲು ಬಂದ. ಬೆಳಗಾವಿ ಹತ್ತಿರದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಅವನ ಕೆಲಸ. ಚಹಾ ಆದ ಮೇಲೆ ಹಿರಿಯರು ಇಬ್ಬರನ್ನೇ ಮಾಳಿಗೆಗೆ ಕಳಿಸಿದರು. ಅವನಿಗೆ ಏನು ಮಾತಾಡುವುದೆಂದು ತೋಚಲಿಲ್ಲ. ಕೊನೆಗೆ ಕೆಲಸದ ತೊಡಕನ್ನೇ ಹೇಳಿಕೊಂಡ. ಅಮೈನ್, ಆಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳು ಕೂಡುತ್ತವೆ, ಮುಂದಿನ ಹಂತ ಕುಂಟುತ್ತದೆ, ಕಡೆಯಲ್ಲಿ ಅಣುವಿನ ತುದಿಗಳು ಕೂಡಿ ಉಂಗುರ ಮುಚ್ಚಿಕೊಳ್ಳುವುದೇ ಇಲ್ಲ.

ಸುಮನ್ ಸ್ವಲ್ಪ ಯೋಚಿಸಿದಳು.

"ಅವೆರಡೂ ಕೂಡುವಾಗ ನೀರ ಬಿಡ್ತಾವಲ್ರಿ, ಅದನ್ನ ಏನ್ ಮಾಡ್ತೀರಿ?"

"ಏನೂ ಮಾಡಂಗಿಲ್ರಿ, ಅಲ್ಲೇ ಇರ್ತೈತಿ."

"ಅದ ಮತ್ತ ಕೂಡಿದ್ದನ್ನ ಒಡ್ಯಾಕತ್ತೇತಿ. ಮೊದಲ ಅದನ್ನ ತಗೀರಿ."

ನೀರು ಹೀರುವ ಸಣ್ಣ ಗುಂಡುಗಳನ್ನು ಫ್ಲಾಸ್ಕಿಗೆ ಮೊದಲೇ ಹಾಕಲು ಅವಳು ಹೇಳಿದಳು. ಇಬ್ಬರೂ ಅದನ್ನೇ ಮಾತಾಡುತ್ತ ಕುಳಿತು, ಕೆಳಗಿನವರು ಕೂಗಿದಾಗಲೇ ಎದ್ದರು. ಮದುವೆಯ ಮಾತು ಬರಲೇ ಇಲ್ಲ.

ಮುಂದಿನ ವಾರ ಸುಮನ್ ಪಾಠದಲ್ಲಿದ್ದಾಗ ಪರಶುರಾಮನ ಫೋನು ಲಗಮಪ್ಪನಿಗೆ ಬಂತು. "ಕಾಕಾರ, ನಿಮ್ಮ ಮಗಳಿಗೆ ಹೇಳ್ರಿ, ಅವರು ಹೇಳಿದಂಗ ಎಲ್ಲಾ ಕೂಡಿ ಬಂತು."

ಲಗಮಪ್ಪ ಮತ್ತೇನನ್ನೂ ಕೇಳಲಿಲ್ಲ. ಪೇಢೆ ತರಿಸಿ ಓಣಿಗೆಲ್ಲ ಹಂಚಿದ. ಸಂಜೆ ಬಸ್ಸಿಳಿದು ಬಂದ ಸುಮನ್‌ಳ ಬಾಯಿಗೆ ಶೆಟ್ಟೆವ್ವ ಬಾಗಿಲಲ್ಲೇ ಪೇಢೆ ಇಟ್ಟಳು. ಅಪ್ಪ ಫೋನಿನ ಮಾತನ್ನು ಒಪ್ಪಿಸಿದಾಗ ಅವಳಿಗೆ ವಿಷಯ ತಿಳಿಯಿತು. ನಗು ತಡೆದುಕೊಂಡು ಮಾಳಿಗೆ ಹತ್ತಿ ಪರಶುರಾಮನಿಗೆ ಫೋನು ಮಾಡಿದಳು. ಮೊದಲು ಕೇಳಿದ್ದು ಇಳುವರಿ ಎಷ್ಟು ಬಂತೆಂದು. ನೂರಕ್ಕೆ ಎಪ್ಪತ್ತರ ಮೇಲೆ ಎಂದಾಗ ಅವಳಿಗೆ ಕುಣಿಯುವಷ್ಟು ಸಂತೋಷ. ಆಮೇಲೆ ಪೇಢೆಯ ಕಥೆ ಹೇಳಿದಳು.



"ನಾ ಖರೇನ ಅದನ್ನ ಕೇಳಿದ್ರ ಏನಂತಿದ್ರಿ?" ಎಂದ ಪರಶುರಾಮ.

"ಮೊದಲ ಕೇಳ್ರಿ, ಆಮ್ಯಾಲ ಹೇಳ್ತೇನಿ."

ಅವನು ಕೇಳಿದ, ಅವಳು ಹೂಂ ಎಂದಳು. ಮಾಘದಲ್ಲಿ ಮದುವೆಯಾಯಿತು. ಈಗ ಗೋಕಾಕದಲ್ಲಿ ಮನೆ ಮಾಡಿದ್ದಾರೆ. ರವಿವಾರ ಇಬ್ಬರೂ ರೊಟ್ಟಿ ಮಾಡಲು ನಿಂತರೆ ಹೊಸದೊಂದು ಕ್ರಿಯೆಯ ಮೇಲೆ ವಾದ ಹತ್ತಿ, ಒಂದೆರಡು ರೊಟ್ಟಿ ಸೀದೇ ಸೀಯುತ್ತವೆ.